ಎರಡನೇ ಕ್ಲಾಸಿನ ಮಗಳನ್ನು ನವೆಂಬರ್ 1ಕ್ಕೆ ಶಾಲೆಗೆ ಕಳಿಸುವುದಾ? ಮನೆಯಲ್ಲಿ ಡಯಾಲಿಸಿಸ್ ಮಾಡಿಸುವ ಮಾವ ಇದ್ದಾರೆ

ಬದಿಯಡ್ಕದ ಅಮ್ಮ
24 ಅಕ್ಟೋಬರ್ 2021

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದಿಂದ ಸ್ವಲ್ಪ ಒಳಗೆ. ಗಂಡ ರಿಕ್ಷಾ ಓಡಿಸುತ್ತಾರೆ, ನಾನು ಬೀಡಿ ಕಟ್ಟುತ್ತೇನೆ. ಮಗ ಏಳನೇ ಕ್ಲಾಸು, ಮಗಳು ಎರಡನೇದು, ಇಬ್ಬರೂ ಕನ್ನಡ ಮೀಡಿಯಂ. ಕೊರೋನಾಕ್ಕೆ ಮುಚ್ಚಿದ ಶಾಲೆ ನವೆಂಬರ್ 1ಕ್ಕೆ ತೆರೆಯುತ್ತದೆ, ಮಕ್ಕಳನ್ನು ಕಳಿಸಲಿಕ್ಕೆ ಶಾಲೆಯಿಂದ ಸಮ್ಮತಿ ಪತ್ರ ಬಂದಿದೆ. ಶುಕ್ರವಾರದ ಒಳಗೆ ಸಹಿ ಹಾಕಿ ಕೊಡಬೇಕು. ಮೂರು ದಿನದಿಂದ ಅದು ದೇವರ ಫೋಟೋದ ಹಿಂದೆ ಸಿಕ್ಕಿಸಿಟ್ಟ ಹಾಗೆಯೇ ಉಂಟು.

ಮಗಳು ಎರಡನೇ ಕ್ಲಾಸು ಅಂತ ನಾನು ಹೇಳುವುದು ಬಾಯಿಮಾತಿಗೆ. 2020ರ ಜೂನಿನಲ್ಲಿ ಒಂದನೇ ಕ್ಲಾಸಿಗೆ ಹೆಸರು ಕೊಟ್ಟದ್ದು, ಇವತ್ತಿನವರೆಗೆ ಬೆಂಚಿನಲ್ಲಿ ಒಂದು ದಿನ ಕೂತಿಲ್ಲ. ಪುಸ್ತಕ ತರಲಿಕ್ಕೆ ಹೋದಾಗ ಶಾಲೆಯ ಜಗಲಿಯವರೆಗೆ ಹೋಗಿ ಬಂದದ್ದಷ್ಟೇ. ನಾವು ಮನೆಯಲ್ಲಿ ಮಾತಾಡುವುದು ತುಳು. ಅಂಗಡಿಗೆ ಹೋದರೆ ಮಲಯಾಳ. ಟಿವಿ ಹಾಕಿದರೆ ಕೇರಳ ಸರಕಾರದ ವಿಕ್ಟರ್ಸ್ ಚಾನೆಲಿನ ಪಾಠವೂ ಮಲಯಾಳ. ಕನ್ನಡದ ಪಾಠ ಯೂಟ್ಯೂಬಿನಲ್ಲಿ ಬರುತ್ತದೆ ನಿಜ, ಆದರೆ ಇರುವುದೊಂದೇ ಫೋನು, ಅದು ರಾತ್ರಿ ಎಂಟರವರೆಗೆ ಗಂಡನ ಜೇಬಿನಲ್ಲಿ. ಮತ್ತೆ ರೇಂಜ್ ಸಿಗಬೇಕಾದರೆ ಮನೆ ಹಿಂದಿನ ಗುಡ್ಡೆ ಹತ್ತಿ ಗೇರುಮರದ ಬುಡದಲ್ಲಿ ನಿಲ್ಲಬೇಕು. ರಾತ್ರಿ ಎಂಟಕ್ಕೆ ಏಳು ವರ್ಷದ ಮಗುವನ್ನು ಗುಡ್ಡೆಗೆ ಕರಕೊಂಡು ಹೋಗಲಿಕ್ಕೆ ಆಗುತ್ತದಾ?

ಆದರೂ ಕಲಿಯುತ್ತಿದ್ದಾಳೆ ಅಂತಲೇ ನಾನು ತಿಳಿದದ್ದು. ಪುಸ್ತಕ ಬಿಡಿಸಿ ಗಡಗಡ ಓದುತ್ತಿದ್ದಳು. ಕಳೆದ ವಾರ ಏನೋ ಸಂಶಯ ಬಂದು ಪುಟದ ಚಿತ್ರದ ಮೇಲೆ ಕೈಯಿಟ್ಟು ಮುಚ್ಚಿದೆ. ಓದು ನಿಂತುಹೋಯಿತು. ಅಣ್ಣ ಓದುವುದನ್ನು ಕೇಳಿ ಕೇಳಿ ಪುಸ್ತಕ ಪೂರ್ತಿ ಬಾಯಿಪಾಠ ಮಾಡಿದ್ದಾಳೆ, ಯಾವ ಚಿತ್ರಕ್ಕೆ ಯಾವ ಸಾಲು ಅಂತ ಸಮೇತ. ಅಕ್ಷರ ತೋರಿಸಿದರೆ ‘ಮ’ ಯಾವುದು ‘ವ’ ಯಾವುದು ಗೊತ್ತಿಲ್ಲ. ಆ ದಿನ ನಾನು ಕಟ್ಟಿದ ಬೀಡಿ ಲೆಕ್ಕಕ್ಕೆ ಸಿಗಲಿಲ್ಲ, ಕೈ ಓಡಲೇ ಇಲ್ಲ.

ಇನ್ನು ಮಾವನ ವಿಷಯ. ಅವರಿಗೆ 68. ನಾಲ್ಕು ವರ್ಷದಿಂದ ಮಂಗಳೂರಿನಲ್ಲಿ ಡಯಾಲಿಸಿಸ್, ಮಂಗಳವಾರ ಮತ್ತು ಶುಕ್ರವಾರ. 2020ರ ಮಾರ್ಚಿನಲ್ಲಿ ಕರ್ನಾಟಕದ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದರಲ್ಲ, ಆಗ ಅವರಿಗೆ ಸಾಲಾಗಿ ಎರಡು ಸರ್ತಿ ತಪ್ಪಿತು. ಕಾಲು ಬೀಗಿ, ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಇಡೀ ರಾತ್ರಿ ಗೋಡೆಗೆ ಒರಗಿ ಕೂತಿದ್ದರು. ಮೂರನೇ ಸರ್ತಿಗೆ ಇಲ್ಲೇ ಒಂದು ಕಡೆ ಯಾರದ್ದೋ ಕಾಲು ಹಿಡಿದು ಮಾಡಿಸಿದೆವು. ಈ ಆಗಸ್ಟಿನಲ್ಲಿ ಮತ್ತೆ ಗಡಿಯ ತಲಪಾಡಿಯಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಎಂಬ ಕೋವಿಡ್ ಟೆಸ್ಟಿನ ರಿಪೋರ್ಟ್ ಕೇಳಲಿಕ್ಕೆ ಶುರುಮಾಡಿದರು. ಅಂತೂ ಫೈಲು ತೋರಿಸಿ ದಾಟುತ್ತಿದ್ದೇವೆ. ಅವರಿಗೆ ಎರಡು ಡೋಸ್ ಕೋವಿಶೀಲ್ಡ್ ಆಗಿದೆ, ನಮಗೂ ಆಗಿದೆ. ಆದರೆ ಮಗಳು ಶಾಲೆಯಿಂದ ತಂದು, ಅವರು ಪಾಸಿಟಿವ್ ಆದರೆ? ಜ್ವರದ ಹೆದರಿಕೆ ಒಂದು. ಪಾಸಿಟಿವ್ ಆದವರನ್ನು ಆ ಮೆಷಿನಿಗೆ ಹಾಕದಿದ್ದರೆ ಎಂತ ಮಾಡುವುದು ಎನ್ನುವುದು ಅದಕ್ಕಿಂತ ದೊಡ್ಡದು.

ಮನೆಯಲ್ಲಿ ಇರುವುದು ಎರಡು ಕೋಣೆ. ಮಗಳು ಹುಟ್ಟಿದಾಗಿನಿಂದ ಅಜ್ಜನ ಪಕ್ಕವೇ ಮಲಗುವವಳು. ಹಗಲೆಲ್ಲ ಅವರ ಹತ್ತಿರವೇ, ಮಾವ ನನಗೆ ಎಲೆ ಕತ್ತರಿಸಿ ಕೊಡುವಾಗ ಅವಳೂ ಕತ್ತರಿ ಹಿಡಕೊಂಡು ಕೂತಿರುತ್ತಾಳೆ.

“ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡ, ಕಳಿಸು” ಅಂತ ಮಾವ ಹೇಳುತ್ತಾರೆ. ಅವರು ಹಾಗೆ ಹೇಳಿದ ಮೇಲಂತೂ ಸಹಿ ಹಾಕಲಿಕ್ಕೆ ನನಗೆ ಕೈಯೇ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಹೀಗೆ ಕಾಯಿಲೆಯವರಿದ್ದೂ ಮಕ್ಕಳನ್ನು ಕಳಿಸುವವರು ಯಾರಾದರೂ ಇದ್ದೀರಾ? ಹೇಗೆ ಮಾಡುತ್ತೀರಿ?


ತಾಳವಾಡಿ ರೈತ
24 ಅಕ್ಟೋಬರ್

ಅಕ್ಕಾ, ನಮ್ದು ಈರೋಡು ಜಿಲ್ಲೆ ತಾಳವಾಡಿ. ತಮಿಳುನಾಡಲ್ಲೂ ಒಂದರಿಂದ ಎಂಟು ನವೆಂಬರ್ 1ಕ್ಕೇ ತೆಗೀತಾರೆ. ದೊಡ್ಡ ಮಗಳು ಹತ್ತನೇದು, ಸೆಪ್ಟೆಂಬರ್ 1ರಿಂದ ಹೋಗ್ತಾವ್ಳೆ, ಇಲ್ಲೀವರ್ಗೂ ಏನೂ ತೊಂದರೆ ಆಗಿಲ್ಲ. ನನ್ನ ಚಿಂತೆ ಎಲ್ಲ ಚಿಕ್ಕವನದು. ಐದನೇ ಕ್ಲಾಸು. ವರ್ಷದಿಂದ ನಮ್ಮ ಜೊತೆ ಟೊಮೇಟೊ ಬಿಡಿಸಕ್ಕೆ ಬರ್ತಿದ್ದ. ಈಗ ಪಕ್ಕದ ತೋಟಕ್ಕೂ ಹೋಗ್ತಾನೆ, ದುಡ್ಡು ತರ್ತಾನೆ. ಆ ದುಡ್ಡು ಕೈಗೆ ಬಂದಾಗ ಅವನ ಮುಖ ನೋಡಿದ್ರೆ ನಂಗೆ ಭಯ ಆಗುತ್ತೆ. ಇನ್ನೊಂದು ಆರು ತಿಂಗಳು ಬಿಟ್ರೆ ಇವನು ಸ್ಕೂಲ್ ಕಡೆ ತಿರುಗೂ ನೋಡಲ್ಲ. ನಾನಂತೂ ಕಳಿಸ್ತೀನಿ. ಆದ್ರೆ ನಮ್ಮನೇಲಿ ನಿಮ್ಮ ಮಾವನಂಥೋರು ಇಲ್ಲ, ಅದಕ್ಕೇ ನಿಮಗೆ ಹೀಗೇ ಮಾಡಿ ಅನ್ನೋಕೆ ನಂಗೆ ಬಾಯಿಲ್ಲ.


ಮಂಜೇಶ್ವರದ ತಂದೆ
25 ಅಕ್ಟೋಬರ್

ನಾನು ಸಹಿ ಹಾಕುವುದಿಲ್ಲ. ಹಾಜರಿ ಕಡ್ಡಾಯ ಅಲ್ಲ ಅಂತ ಸರಕಾರವೇ ಹೇಳಿದೆ, ಆನ್‌ಲೈನ್ ಪಾಠವೂ ನಿಲ್ಲುವುದಿಲ್ಲ. ಮತ್ತೆ ಅವಸರ ಯಾಕೆ? ಓಣಂ ಕಳೆದ ಮೇಲೆ ಆಗಸ್ಟಿನಲ್ಲಿ ಕೇರಳದಲ್ಲಿ ಕೇಸು ದಿನಕ್ಕೆ 30,000 ದಾಟಿದ್ದನ್ನು ಇಷ್ಟು ಬೇಗ ಮರೆತೆವಾ? ಮಕ್ಕಳಿಗೆ ಇನ್ನೂ ಒಂದು ಡೋಸೂ ಬಂದಿಲ್ಲ. ಈ ಮೇ ತಿಂಗಳಲ್ಲಿ ನನ್ನ ಅತ್ತೆ, ಹೆಂಡತಿಯ ತಾಯಿ, ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಮುಖ ನೋಡಲಿಕ್ಕೂ ಬಿಡಲಿಲ್ಲ. ಮನೆಗೆ ತಂದದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಆದರೆ ನನ್ನ ಹೆಂಡತಿ ‘ನಾನೇ’ ಅಂತ ನಂಬಿಕೊಂಡಿದ್ದಾಳೆ. ಆ ಭಾರ ಒಂದು ಏಳು ವರ್ಷದ ಮಗುವಿನ ತಲೆ ಮೇಲೆ ಬರುವುದು ಬೇಡ ತಂಗೀ. ಎರಡು ವಾರ ಕಾಯಿರಿ. ಬೇರೆ ಮಕ್ಕಳು ಹೋಗಿ ಬರುವುದನ್ನು ನೋಡಿ, ಮತ್ತೆ ತೀರ್ಮಾನ ಮಾಡಿ.


ಮುಳ್ಳೇರಿಯದ ಕನ್ನಡ ಟೀಚರ್
25 ಅಕ್ಟೋಬರ್

ನಾನು ಎಲ್‌ಪಿ ಶಾಲೆಯಲ್ಲಿ, ಅಂದರೆ ನಾಲ್ಕನೇ ಕ್ಲಾಸಿನವರೆಗಿನ ಶಾಲೆಯಲ್ಲಿ ಕಲಿಸುವವಳು. ಚಿತ್ರದ ಮೇಲೆ ಕೈಯಿಟ್ಟು ನೋಡಿದಿರಲ್ಲ, ಆ ಕೆಲಸ ನಾವು ಟೀಚರುಗಳು ಮಾಡಬೇಕಿತ್ತು. ಹತ್ತೊಂಬತ್ತು ತಿಂಗಳು ಮಕ್ಕಳು ವಾಟ್ಸಾಪಿನಲ್ಲಿ ಕಳಿಸಿದ ನೋಟ್ಸಿಗೆ ನಾನು ರೈಟ್ ಹಾಕಿದ್ದೇನೆ. ಅದರಲ್ಲಿ ಎಷ್ಟು ಅಮ್ಮಂದಿರ ಕೈಬರಹ ಅಂತ ಗೊತ್ತಿದ್ದೂ ಹಾಕಿದ್ದೇನೆ.

ಮಂಜೇಶ್ವರದ ಅಣ್ಣನ ನೋವು ದೊಡ್ಡದು, ಅದರ ಎದುರು ವಾದ ಮಾಡಲಿಕ್ಕೆ ನನಗೆ ಮನಸ್ಸಿಲ್ಲ. ಆದರೆ ಎರಡು ವಾರ ಅನ್ನುವುದು ಏಳನೇ ಕ್ಲಾಸಿನ ಹುಡುಗನಿಗೆ ಒಂದು, ಎರಡನೇ ಕ್ಲಾಸಿನವಳಿಗೆ ಇನ್ನೊಂದು. ಅವನಿಗೆ ಓದಲಿಕ್ಕೆ ಬರುತ್ತದೆ, ಪುಸ್ತಕ ಕೊಟ್ಟರೆ ಸಾಕು. ಅವಳಿಗೆ ಪುಸ್ತಕ ಕೊಟ್ಟರೂ ಬಾಗಿಲು ತೆರೆಯುವುದಿಲ್ಲ. ಅದೂ ನಮ್ಮ ಕಾಸರಗೋಡಿನ ಮಕ್ಕಳಿಗೆ ಕನ್ನಡ ಬೀದಿಯಲ್ಲಿ ಸಿಗುವುದಿಲ್ಲ, ಬೋರ್ಡಿನಲ್ಲಿ ಸಿಗುವುದಿಲ್ಲ, ಟಿವಿಯಲ್ಲೂ ಇಲ್ಲ. ತುಳು, ಮರಾಟಿ, ಮಲಯಾಳ ಮಾತಾಡುವ ಮನೆಯ ಮಗುವಿಗೆ ಕನ್ನಡ ಕಿವಿಗೆ ಬೀಳುವ ಜಾಗವೇ ಶಾಲೆ. ಅದು ಮುಚ್ಚಿದರೆ ಪಾಠದ ಜೊತೆಗೆ ಭಾಷೆಯೂ ತಪ್ಪುತ್ತದೆ.

ಕಳಿಸುವ ಮೊದಲು ಒಮ್ಮೆ ಶಾಲೆಗೆ ಹೋಗಿ ನೋಡಿ. ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಕಂಡು ಸಮಾಧಾನಪಟ್ಟು ತಿರುಗಿ ಬರಬೇಡಿ. ಇದು ಹೆಚ್ಚಾಗಿ ಉಸಿರಿನ ಗಾಳಿಯಿಂದ ಹರಡುವ ರೋಗ, ಕಿಟಕಿ ನೋಡಿ. ಹಂಚಿನ ಮಾಡು, ಅರ್ಧ ಗೋಡೆ ಇರುವ ಹಳೇ ಕೋಣೆ ಆದರೆ ಒಳ್ಳೆಯದು, ಗಾಳಿ ತನ್ನಷ್ಟಕ್ಕೆ ಆಡುತ್ತದೆ. ಹೊಸ ಕಾಂಕ್ರೀಟು ಕೋಣೆಯಾದರೆ ಕಿಟಕಿ ತೆರೆದೇ ಇರುತ್ತದಾ ಅಂತ ಕೇಳಿ. ಈ ಸಮಯದ ತುಲಾ ಮಳೆಯ ಇರಚಲಿಗೆ ಮುಚ್ಚುವ ಅಭ್ಯಾಸ ಉಂಟು, ನಾನೂ ಮುಚ್ಚಿದವಳೇ. ಬೆಂಚಿಗೆ ಇಬ್ಬರು, ಮೂರು ದಿನಕ್ಕೊಂದು ಬ್ಯಾಚು, ಮೊದಲ ಎರಡು ವಾರ ಮಧ್ಯಾಹ್ನದವರೆಗೆ ಅಂತ ಮಾರ್ಗಸೂಚಿ ಉಂಟಲ್ಲ, ನಿಮ್ಮ ಶಾಲೆಯಲ್ಲಿ ಅದನ್ನು ಹೇಗೆ ನಡೆಸುತ್ತಾರೆ ಅಂತ ಬಾಯಿಬಿಟ್ಟು ಕೇಳಿ. ಎಲ್ಲ ಮಕ್ಕಳೂ ಒಟ್ಟಿಗೆ ಮಾಸ್ಕ್ ತೆಗೆಯುವುದು ಊಟದ ಹೊತ್ತಿಗೆ. ನಿಮ್ಮ ಮನೆಯ ಪರಿಸ್ಥಿತಿಗೆ ಊಟಕ್ಕೆ ಮೊದಲು ಕರಕೊಂಡು ಹೋಗುತ್ತೇನೆ ಅಂತ ಹೇಳಿದರೆ ಯಾವ ಟೀಚರೂ ಬೇಡ ಅನ್ನುವುದಿಲ್ಲ.

ಇನ್ನೊಂದು ಮಾತು. ಜೂನ್-ಜುಲೈಯಲ್ಲಿ ಐಸಿಎಂಆರ್, ಅಂದರೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ, ರಕ್ತ ಪರೀಕ್ಷೆ ಮಾಡಿ ನಡೆಸಿದ ನಾಲ್ಕನೇ ಸೆರೋ ಸಮೀಕ್ಷೆಯಲ್ಲಿ ದೇಶದ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಪ್ರತಿಕಾಯ, ಅಂದರೆ ಸೋಂಕು ಬಂದು ಹೋದ ಗುರುತು ಕಂಡಿತ್ತು. ಆದರೆ ಮಕ್ಕಳು, ದೊಡ್ಡವರು ಎಲ್ಲ ಸೇರಿದ ಕೇರಳದ ಲೆಕ್ಕ ಸಮೀಕ್ಷೆ ನಡೆದ ರಾಜ್ಯಗಳಲ್ಲೇ ಎಲ್ಲಕ್ಕಿಂತ ಕಡಿಮೆ, 44.4 ಶೇಕಡಾ. ಅಂದರೆ ಇನ್ನೂ ತಾಗದವರು ನಮ್ಮಲ್ಲೇ ಜಾಸ್ತಿ ಇದ್ದರು. ‘ಎಲ್ಲರಿಗೂ ಬಂದು ಹೋಗಿದೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.


ಉಪ್ಪಳದ ಅಕ್ಕ
26 ಅಕ್ಟೋಬರ್

ನನ್ನ ಗಂಡನಿಗೂ ಡಯಾಲಿಸಿಸ್, ವಾರಕ್ಕೆ ಮೂರು. ಹಾಗಾಗಿ ನೀವು ಕೇಳಿದ್ದು ನನಗೆ ಪೂರ್ತಿ ಅರ್ಥ ಆಯಿತು. ಡಯಾಲಿಸಿಸ್‌ನವರಿಗೆ ಲಸಿಕೆಯಿಂದ ಬರುವ ರಕ್ಷಣೆ ಬೇರೆಯವರಷ್ಟು ಇರುವುದಿಲ್ಲ ಅಂತ ನಮ್ಮ ಡಾಕ್ಟರು ಮೊದಲೇ ಹೇಳಿದ್ದಾರೆ. ಎರಡು ಡೋಸ್ ಆಯಿತು ಅಂತ ಬಿಟ್ಟುಬಿಡಬೇಡಿ.

ನಾಳೆಯೇ ಸೆಂಟರಿಗೆ ಫೋನ್ ಮಾಡಿ. ‘ಪಾಸಿಟಿವ್ ಆದರೆ ಎಲ್ಲಿ ಮಾಡುತ್ತೀರಿ’ ಅಂತ ಈಗಲೇ ಕೇಳಿ ಬರೆದಿಡಿ. ಎಲ್ಲ ಕಡೆ ಬೇರೆ ಮೆಷಿನ್ ಇರುವುದಿಲ್ಲ. ನಾನು ಕೇಳದೇ ಕೂತು, ಏಪ್ರಿಲಿನಲ್ಲಿ ಇವರಿಗೆ ಜ್ವರ ಬಂದ ರಾತ್ರಿ ಹನ್ನೊಂದು ಗಂಟೆಗೆ ಊರೆಲ್ಲ ಫೋನ್ ಮಾಡಿದ್ದೇನೆ. ಕೊನೆಗೆ ನೆಗೆಟಿವ್ ಬಂತು, ಆದರೆ ಆ ರಾತ್ರಿ ಬೇಡ ನಿಮಗೆ.

ಮಗಳು ಅಜ್ಜನ ಪಕ್ಕ ಮಲಗುವುದನ್ನು ಈ ವಾರವೇ ಬಿಡಿಸಿ, ಶಾಲೆ ಶುರುವಾಗುವ ದಿನ ಅಲ್ಲ. ಅದೇ ದಿನ ಬಿಡಿಸಿದರೆ ಶಾಲೆಗೆ ಹೋದದ್ದಕ್ಕೆ ಅಜ್ಜ ದೂರ ಮಾಡಿದರು ಅಂತ ಮಗುವಿಗೆ ಅನಿಸುತ್ತದೆ. ನನ್ನ ಮಗನಿಗೆ ಹಾಗೆ ಆಗಿದೆ. ಮಾತಾಡಲಿಕ್ಕೆ ಇಬ್ಬರನ್ನೂ ಅಂಗಳದಲ್ಲಿ ಕೂರಿಸಿ, ಒಳಗೆ ಬೇಡ.


ಬದಿಯಡ್ಕದ ಅಮ್ಮ
3 ನವೆಂಬರ್

ಉತ್ತರ ಬರೆಯಲಿಕ್ಕೆ ತಡವಾಯಿತು. ನಿಮ್ಮೆಲ್ಲರ ಮಾತನ್ನೂ ಗಂಡ, ಮಾವ ಇಬ್ಬರಿಗೂ ಓದಿ ಹೇಳಿದೆ.

ಮಗಳನ್ನು ಕಳಿಸಿದೆ. ಮಗನನ್ನು ಕಳಿಸಲಿಲ್ಲ. ನಮ್ಮ ನೆಂಟರಲ್ಲಿ ಎಲ್ಲರೂ ದೊಡ್ಡವನು ಹೋಗಲಿ, ಸಣ್ಣವಳು ಮನೆಯಲ್ಲಿರಲಿ ಅನ್ನುತ್ತಿದ್ದರು. ಟೀಚರ್ ಬರೆದದ್ದು ಓದಿದ ಮೇಲೆ ನನಗೆ ಉಲ್ಟಾ ಕಂಡಿತು. ಇಬ್ಬರು ಹೋದರೆ ಎರಡು ಕ್ಲಾಸಿನ ಗಾಳಿ ಮನೆಗೆ ಬರುತ್ತದೆ. ಒಬ್ಬರೇ ಹೋಗುವುದಾದರೆ ಓದಲಿಕ್ಕೆ ಬಾರದವಳು ಹೋಗಲಿ ಅಂತ. ಮಂಜೇಶ್ವರದ ಅಣ್ಣ ಹೇಳಿದ ಎರಡು ವಾರವನ್ನು ಮಗನಿಗೆ ಇಟ್ಟೆ. ಅವನು ಒಂದು ಇಡೀ ದಿನ ನನ್ನ ಹತ್ತಿರ ಮಾತಾಡಲಿಲ್ಲ, ಅವನ ದೋಸ್ತಿಗಳೆಲ್ಲ ಹೋಗಿದ್ದಾರೆ. ಅವನ ಬೇಜಾರು ನ್ಯಾಯದ್ದೇ, ನಾನು ಅದಕ್ಕೆ ಏನೂ ಹೇಳಲಿಲ್ಲ. 15ಕ್ಕೆ ಕಳಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.

ಉಪ್ಪಳದ ಅಕ್ಕ, ನೀವು ಹೇಳದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ. ನಮ್ಮ ಸೆಂಟರಿನಲ್ಲಿ ಪಾಸಿಟಿವ್ ಆದವರಿಗೆ ಮಾಡುವುದಿಲ್ಲವಂತೆ, ಬೇರೆ ಕಡೆ ಕಳಿಸುತ್ತಾರಂತೆ. ಅಲ್ಲಿಯ ನಂಬರು, ಮಾವನ ರಕ್ತದ ಗ್ರೂಪು, ತೂಕ, ಮದ್ದಿನ ಹೆಸರು ಎಲ್ಲ ಒಂದು ಹಾಳೆಯಲ್ಲಿ ಬರೆದು ರಿಕ್ಷಾದಲ್ಲೂ ಒಂದು, ಮನೆಯಲ್ಲೂ ಒಂದು ಇಟ್ಟಿದ್ದೇವೆ. ಮಾವನ ಮಂಚ ಚಾವಡಿಗೆ ಬಂದಿದೆ. ಮಗಳು ಮೊದಲ ಎರಡು ರಾತ್ರಿ ಅತ್ತಳು, ಮೂರನೇ ದಿನ ಅಭ್ಯಾಸ ಆಯಿತು.

ಶಾಲೆಗೆ ಹೋಗಿ ಕಿಟಕಿಯನ್ನೂ ನೋಡಿದೆ. ಹಂಚಿನ ಕೋಣೆಯೇ. ಇವಳ ಕ್ಲಾಸಿನಲ್ಲಿ ಒಂಬತ್ತು ಮಕ್ಕಳು, ಸೋಮವಾರ ಬಂದದ್ದು ಐವರು. ಗಂಡ ಹನ್ನೊಂದೂಮುಕ್ಕಾಲಿಗೆ ಹೋಗಿ ಕರಕೊಂಡು ಬರುತ್ತಾರೆ. ಬಾವಿಕಟ್ಟೆಯ ಹತ್ತಿರವೇ ಕೈಕಾಲು ತೊಳೆದು, ಅಂಗಿ ಬದಲಿಸಿ ಮತ್ತೆ ಒಳಗೆ.

ಇವತ್ತು ಮಧ್ಯಾಹ್ನ ಅಂಗಳದ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಕುರ್ಚಿ ಹಾಕಿ ಮಾವ. ಅವಳು ಸ್ಲೇಟಿನಲ್ಲಿ ಬರೆದು ಎತ್ತಿ ತೋರಿಸುವುದು, ಇವರು ಕಣ್ಣು ಕಿರಿದು ಮಾಡಿ ‘ಮ’ ಅನ್ನುವುದು. ಅವಳು ‘ಅಲ್ಲ ಅಜ್ಜ, ವ’ ಅಂತ ಕನ್ನಡದಲ್ಲೇ ಹೇಳಿದಳು. ಬರೆದದ್ದು ಮಾತ್ರ ‘ಮ’ವೇ. ಇನ್ನೂ ಸಮಯ ಬೇಕು.

ನಾಳೆ ದೀಪಾವಳಿ, ನಾಡಿದ್ದು ಮಾವನಿಗೆ ಮಂಗಳೂರು. ಒಂದು ಸಣ್ಣ ವಿಷಯ ಕೇಳಬೇಕಿತ್ತು. ಇವಳಿಗೆ ಅಂಗಡಿಯ ಮಾಸ್ಕ್ ದೊಡ್ಡದಾಗುತ್ತದೆ, ಎಲಾಸ್ಟಿಕ್ಕಿಗೆ ಗಂಟು ಹಾಕಿದರೆ ಕಿವಿಯ ಹಿಂದೆ ಕೆಂಪಾಗಿ ಉರಿಯುತ್ತದೆ. ಮನೆಯಲ್ಲೇ ಹೊಲಿದುಕೊಡುವವರು ಯಾರಾದರೂ ಇದ್ದರೆ, ಏಳು ವರ್ಷದವರಿಗೆ ಅಳತೆ ಎಷ್ಟು ಇಡುತ್ತೀರಿ ಅಂತ ಹೇಳುತ್ತೀರಾ? ಸೋಮವಾರದ ಒಳಗೆ ಎರಡು ಹೊಲಿಯಬೇಕು.