ನೂರು ಪುಟದ ತೀರ್ಪನ್ನು ಎಲ್ಲಿಂದ ಓದಬೇಕು?

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನು ಈ ವರ್ಷದ ವಿಷಯ. ಒಪ್ಪಂದಗಳ ವಿಧಿಗಳೆಲ್ಲ ಬಾಯಿಗೆ ಬರುತ್ತವೆ. ಆದರೆ ಒಂದು ಘಟನೆ ಕೊಟ್ಟು 'ಇಲ್ಲಿ ಹಕ್ಕಿನ ಉಲ್ಲಂಘನೆ ಆಗಿದೆಯಾ' ಎಂದು ಕೇಳಿದರೆ ಪೆನ್ನು ಓಡುವುದಿಲ್ಲ. ಮೂಲ ತೀರ್ಪು ಓದು ಎನ್ನುತ್ತಾರೆ. ಓದಲು ಕೂತರೆ ಮೂವತ್ತನೇ ಪ್ಯಾರಾಕ್ಕೆ ನಿದ್ದೆ. ಪೂರ್ತಿ ಓದಲೇಬೇಕಾ? ಸಾರಾಂಶ ಸಾಲದಾ?

ಉತ್ತರ (ವಕೀಲರು): ಸಾರಾಂಶ ಸಾಲದು. ಯಾರು ಗೆದ್ದರು ಅಂತ ಅದರಲ್ಲಿ ಇರುತ್ತದೆ, ಯಾಕೆ ಗೆದ್ದರು ಅನ್ನುವುದು ಎರಡು ಸಾಲಿಗೆ ಇಳಿದಿರುತ್ತದೆ. ನಿಮಗೆ ಬೇಕಾದ್ದು ಆ 'ಯಾಕೆ'. ಹಾಗಂತ ಮೊದಲ ಪುಟದಿಂದ ಕೊನೆಯವರೆಗೆ ಓದಬೇಕಿಲ್ಲ. ನಾನೂ ಓದುವುದಿಲ್ಲ.

ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಿಂದ ಶುರು ಮಾಡಿ. ಅದರ ತೀರ್ಪುಗಳು ಹುಡೊಕ್ ಎಂಬ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿನ ಇತ್ತೀಚಿನ ತೀರ್ಪುಗಳೆಲ್ಲ ಹೆಚ್ಚೂಕಡಿಮೆ ಒಂದೇ ಅಚ್ಚಿನವು. ಮೊದಲು ನಡೆದ ಸಂಗತಿ. ಆಮೇಲೆ ಆ ದೇಶದ ಕಾನೂನು, ಎರಡೂ ಕಡೆಯ ವಾದ, ಕೊನೆಗೆ ನ್ಯಾಯಾಲಯದ ವಿಚಾರ.

ಸಂಗತಿಯನ್ನು ನಿಧಾನವಾಗಿ ಓದಿ. ಅಲ್ಲೇ ನಿಲ್ಲಿಸಿ. ಈಗ ಅರ್ಧ ಪುಟ ನೀವೇ ಬರೆಯಿರಿ, ಆದರೆ ಸರ್ಕಾರದ ಪರ ವಕೀಲರಾಗಿ. ಸಂಗತಿ ಓದಿದ ಯಾರಿಗಾದರೂ ಅರ್ಜಿದಾರರ ಮೇಲೆ ಕನಿಕರ ಬರುತ್ತದೆ, ಅದಕ್ಕೆ ಕಾನೂನು ಓದಬೇಕಿಲ್ಲ. ಸರ್ಕಾರದ ಬಳಿ ಇದ್ದ ಅತ್ಯುತ್ತಮ ವಾದ ಯಾವುದು ಎಂದು ಹುಡುಕಿದರೆ ಮಾತ್ರ ನ್ಯಾಯಾಲಯ ಯಾವ ಗಂಟು ಬಿಚ್ಚಿತು ಅನ್ನುವುದು ಕಾಣುತ್ತದೆ.

ನ್ಯಾಯಾಲಯದ ವಿಚಾರದಲ್ಲಿ ಎರಡು ತುಂಡು ಇರುತ್ತವೆ. 'ಸಾಮಾನ್ಯ ತತ್ವಗಳು' ಒಂದು, ಅವುಗಳನ್ನು ಈ ಪ್ರಕರಣಕ್ಕೆ ಹಚ್ಚುವುದು ಇನ್ನೊಂದು. ವಿದ್ಯಾರ್ಥಿಗಳು ಮೊದಲನೆಯದಕ್ಕೆ ಗೆರೆ ಎಳೆದು ಎಳೆದು ಪುಟ ಹಳದಿ ಮಾಡುತ್ತಾರೆ. ಆ ಪ್ಯಾರಾಗಳು ತೀರ್ಪಿನಿಂದ ತೀರ್ಪಿಗೆ ಪದಶಃ ಬರುತ್ತಿರುತ್ತವೆ. ಹತ್ತು ತೀರ್ಪು ಓದಿದರೆ ನಿಮಗೇ ಬಾಯಿಪಾಠ. ಗೆಲುವು ಸೋಲು ನಿರ್ಧಾರವಾಗುವುದು ಎರಡನೇ ತುಂಡಿನಲ್ಲಿ.

ಅದೇ ವಿದ್ಯಾರ್ಥಿ: ಯಾವ ತೀರ್ಪುಗಳು? ಒಂದು ಪಟ್ಟಿ ಕೊಡಿ ಸರ್.

ಉತ್ತರ: ಪಟ್ಟಿ ಬೇಡ, ಒಂದು ಪದ ಕೊಡುತ್ತೇನೆ: ಚಿತ್ರಹಿಂಸೆ. ಯುರೋಪಿಯನ್ ಮಾನವ ಹಕ್ಕುಗಳ ಒಪ್ಪಂದದ 3ನೇ ವಿಧಿ ಒಂದೇ ವಾಕ್ಯ. ಯಾರನ್ನೂ ಚಿತ್ರಹಿಂಸೆಗೆ, ಅಮಾನುಷ ಅಥವಾ ಅವಮಾನಕರ ನಡವಳಿಕೆಗೆ, ಶಿಕ್ಷೆಗೆ ಗುರಿಪಡಿಸಬಾರದು, ಅಷ್ಟೇ. ಯಾವುದು ಚಿತ್ರಹಿಂಸೆ, ಯಾವುದು ಬರೀ ಅಮಾನುಷ? ವಿಧಿ ಹೇಳುವುದಿಲ್ಲ.

1978ರ ಐರ್ಲೆಂಡ್ ವಿರುದ್ಧ ಯುನೈಟೆಡ್ ಕಿಂಗ್‌ಡಮ್ ತೀರ್ಪು ತೆಗೆಯಿರಿ. ದೂರು ಕೊಟ್ಟದ್ದು ಐರ್ಲೆಂಡ್. 1971ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಭದ್ರತಾ ಪಡೆಗಳು ಬಂಧಿತರಾದ ಹದಿನಾಲ್ಕು ಜನರ ಮೇಲೆ ಐದು ವಿಧಾನ ಬಳಸಿದ್ದವು: ಗೋಡೆಗೆ ಒರಗಿಸಿ ಗಂಟೆಗಟ್ಟಲೆ ನಿಲ್ಲಿಸುವುದು, ತಲೆಗೆ ಚೀಲ, ನಿಲ್ಲದ ಸದ್ದು, ನಿದ್ದೆಗೇಡು, ಅನ್ನ ನೀರಿಗೆ ಕತ್ತರಿ. ಮೊದಲು ವಿಚಾರಿಸಿದ ಯುರೋಪಿಯನ್ ಮಾನವ ಹಕ್ಕುಗಳ ಆಯೋಗ ಇದು ಚಿತ್ರಹಿಂಸೆ ಎಂದಿತ್ತು. ನ್ಯಾಯಾಲಯ 13–4ರಲ್ಲಿ ಅಲ್ಲ ಎಂದಿತು. ಅಮಾನುಷ ಹೌದು, ಆದರೆ ಚಿತ್ರಹಿಂಸೆಗೆ ಬೇಕಾದಷ್ಟು ತೀವ್ರತೆ ಇಲ್ಲವಂತೆ. ನನಗೆ ಇವತ್ತಿಗೂ ಇದು ಒಪ್ಪಿಗೆಯಾಗಿಲ್ಲ. ಇಲ್ಲಿ ಭಿನ್ನಮತಗಳನ್ನು ಬಿಡಬೇಡಿ. ಚಿತ್ರಹಿಂಸೆಗೆ ಹೊಡೆತವೇ ಬೇಕಿಲ್ಲ, ಅದು ಈಗ ಸೂಕ್ಷ್ಮ ತಂತ್ರವಾಗಿದೆ ಎಂದು ನ್ಯಾಯಾಧೀಶ ಎವ್ರಿಜೆನಿಸ್ ಬರೆದರು.

ಈಗ 1999ಕ್ಕೆ ಜಿಗಿಯಿರಿ, ಸೆಲ್ಮೂನಿ ವಿರುದ್ಧ ಫ್ರಾನ್ಸ್. ಪೊಲೀಸ್ ವಶದಲ್ಲಿ ದಿನಗಟ್ಟಲೆ ಹೊಡೆದ ಪ್ರಕರಣ. ನ್ಯಾಯಾಲಯ ಇದನ್ನು ಚಿತ್ರಹಿಂಸೆ ಎಂದು ಕರೆಯಿತು. 101ನೇ ಪ್ಯಾರಾ ನೋಡಿ: ಹಿಂದೆ ಬರೀ ಅಮಾನುಷ ಎಂದು ಬಿಟ್ಟದ್ದನ್ನು ಮುಂದೆ ಚಿತ್ರಹಿಂಸೆ ಎನ್ನಬಹುದು, ಯಾಕೆಂದರೆ ಅಳತೆಗೋಲು ಬಿಗಿಯಾಗುತ್ತಾ ಹೋಗುತ್ತದೆ. ಹಳೆಯ ತೀರ್ಪು ತಪ್ಪು ಎಂದು ಎಲ್ಲೂ ಹೇಳಲಿಲ್ಲ, ಸುಮ್ನೆ ಪಕ್ಕಕ್ಕೆ ಸರಿಸಿತು. ಹಳೆಯದನ್ನು ಪರಿಷ್ಕರಿಸಿ ಎಂದು ಐರ್ಲೆಂಡ್ ಕೇಳಿದಾಗಲೂ 2018ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಕಾನೂನು ಹೇಗೆ ಸರಿಯುತ್ತದೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಬ್ಬರು: ಬರೀ ಯುರೋಪ್ ಆಯಿತಲ್ವಾ? ಬೇರೆ ಕಡೆ ಏನೂ ಇಲ್ಲವಾ?

ಉತ್ತರ: ಸರಿಯಾಗಿ ಕೇಳಿದಿರಿ. ನನಗೆ ತುಂಬ ಇಷ್ಟದ ತೀರ್ಪು ಯುರೋಪಿನದಲ್ಲ. 1988ರ ವೆಲಾಸ್ಕೆಸ್ ರೊಡ್ರಿಗೆಸ್ ವಿರುದ್ಧ ಹೊಂಡುರಾಸ್, ಅಮೆರಿಕಾ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯದ್ದು. 1981ರಲ್ಲಿ ಒಬ್ಬ ವಿದ್ಯಾರ್ಥಿಯನ್ನು ಎತ್ತಿಕೊಂಡು ಹೋದರು. ಮತ್ತೆ ಅವನ ಸುಳಿವಿಲ್ಲ. ಶವವಿಲ್ಲ, ಕಡತವಿಲ್ಲ, ನಮಗೇನೂ ಗೊತ್ತಿಲ್ಲ ಎನ್ನುವ ಸರ್ಕಾರ. ಹೇಗೆ ಸಾಬೀತು ಮಾಡುತ್ತೀರಿ?

ನ್ಯಾಯಾಲಯ ಎರಡು ಹೆಜ್ಜೆ ಇಟ್ಟಿತು. ಆ ಕಾಲದಲ್ಲಿ ಜನರನ್ನು ಹೀಗೆ ಕಾಣೆಯಾಗಿಸುವ ಪದ್ಧತಿಯೇ ಇತ್ತು, ಅದನ್ನು ಸರ್ಕಾರ ನಡೆಸಿತ್ತು ಇಲ್ಲವೇ ಸಹಿಸಿತ್ತು ಎಂದು ತೋರಿಸಿ. ಈ ವಿದ್ಯಾರ್ಥಿಯ ಪ್ರಕರಣ ಆ ಪದ್ಧತಿಗೆ ಹೊಂದುತ್ತದೆ ಎಂದು ತೋರಿಸಿ. ಅಷ್ಟಾದರೆ ಸಾಂದರ್ಭಿಕ ಸಾಕ್ಷ್ಯವೂ ಸಾಕು. ಸಾಕ್ಷ್ಯವೆಲ್ಲ ತನ್ನ ಕೈಯಲ್ಲೇ ಇಟ್ಟುಕೊಂಡು, ಅವರು ಸಾಕ್ಷ್ಯ ಕೊಟ್ಟಿಲ್ಲ ಎಂದು ಸರ್ಕಾರ ತಪ್ಪಿಸಿಕೊಳ್ಳುವಂತಿಲ್ಲ.

ಇನ್ನೊಂದು ಮಾತನ್ನೂ ಹೇಳಿತು. ಕೃತ್ಯ ಮಾಡಿದ್ದು ಖಾಸಗಿ ವ್ಯಕ್ತಿಯಾದರೂ, ಅದನ್ನು ತಡೆಯಲು, ತನಿಖೆ ಮಾಡಲು ತಕ್ಕ ಎಚ್ಚರ ವಹಿಸದಿದ್ದರೆ ಸರ್ಕಾರವೇ ಹೊಣೆ. ಈ ಮಾತು ಎಲ್ಲಿಗೆ ಹೋಗಿ ಮುಟ್ಟಿತು ಗೊತ್ತಾ? 2009ರ ಒಪುಜ್ ವಿರುದ್ಧ ಟರ್ಕಿಗೆ. ಸ್ಟ್ರಾಸ್‌ಬರ್ಗ್ ನ್ಯಾಯಾಲಯ ಅಲ್ಲಿ ಹೊಂಡುರಾಸ್ ತೀರ್ಪನ್ನೂ ನೆನೆಯುತ್ತದೆ, ಆದರೆ ವಿಷಯ ಮನೆಯೊಳಗಿನ ಹಿಂಸೆ. ಅರ್ಜಿದಾರಳಾದ ಒಪುಜ್‌ಗೆ ಗಂಡ ಏಳು ಸಲ ಚಾಕುವಿನಿಂದ ಇರಿದದ್ದಕ್ಕೆ ಬಿದ್ದದ್ದು ದಂಡ, ಅದೂ ಕಂತಿನಲ್ಲಿ. ಕೊನೆಗೆ ಅವಳ ತಾಯಿಯನ್ನೇ ಕೊಂದ. ದೂರು ಹಿಂದಕ್ಕೆ ತೆಗೆದುಕೊಂಡರಲ್ಲ, ಸಂಸಾರದ ವಿಷಯಕ್ಕೆ ನಾವು ಹೇಗೆ ಕೈ ಹಾಕುವುದು ಎಂದಿತು ಸರ್ಕಾರ. ಬೆದರಿಕೆಯಿಂದ ಹಿಂದಕ್ಕೆ ತೆಗೆದುಕೊಂಡ ದೂರಿನ ನೆಪ ಹೇಳಿ ಸುಮ್ಮನಿರುವಂತಿಲ್ಲ ಎಂದಿತು ನ್ಯಾಯಾಲಯ. ಕಾಣೆಯಾದ ವಿದ್ಯಾರ್ಥಿಯ ತೀರ್ಪು ಇಪ್ಪತ್ತೊಂದು ವರ್ಷದ ಮೇಲೆ ಏಟು ತಿಂದ ಹೆಂಗಸಿನ ನೆರವಿಗೆ ಬಂತು. ಅಡಿಟಿಪ್ಪಣಿ ಹಿಡಿದು ಹಿಂದಕ್ಕೆ ನಡೆಯಿರಿ ಎಂದು ನಾನು ಹೇಳುವುದು ಇದಕ್ಕೇ.

ಮತ್ತೊಬ್ಬರು: ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಹೇಳುವುದೂ ತೀರ್ಪೇನಾ?

ಉತ್ತರ: ಅಲ್ಲ. ಹದಿನೆಂಟು ತಜ್ಞರ ಸಮಿತಿ ಅದು, ಅವರು ಕೊಡುವುದಕ್ಕೆ 'ಅಭಿಪ್ರಾಯ' ಎಂದೇ ಹೆಸರು. ಉತ್ತರಪತ್ರಿಕೆಯಲ್ಲಿ 'ತೀರ್ಪು' ಎಂದು ಬರೆಯಬೇಡಿ. ಆದರೆ ಹಗುರವಾಗಿಯೂ ನೋಡಬೇಡಿ. ಅದರ ವ್ಯಾಖ್ಯಾನಕ್ಕೆ ಜಾಸ್ತಿ ತೂಕ ಕೊಡಬೇಕು ಎಂದು 2010ರ ಡಿಯಾಲೊ ಪ್ರಕರಣದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೇ ಹೇಳಿದೆ.

ಮೊದಲ ವಿದ್ಯಾರ್ಥಿ: ನೀವು ಹೇಳಿದಂತೆ ಮಾಡಿ ನೋಡಿದೆ. ಚಿಕ್ಕದಿದೆ ಎಂದು 1978ರ ಟೈರರ್ ಪ್ರಕರಣ ತೆಗೆದುಕೊಂಡೆ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಹದಿನೈದರ ಹುಡುಗನಿಗೆ ನ್ಯಾಯಾಲಯದ ಆದೇಶದ ಮೇಲೆ ಮೂರು ಛಡಿಯೇಟು. ಅಲ್ಲಿನ ಜನರಿಗೇ ಆ ಶಿಕ್ಷೆ ಬೇಕಿತ್ತು, ಹಾಗಾಗಿ ಅವಮಾನಕರ ಅಲ್ಲ ಎಂದು ಬರೆದೆ. ತೀರ್ಪು ನೋಡಿದರೆ ಸೋತಿದ್ದೇನೆ!

ಉತ್ತರ: 6–1ರಲ್ಲಿ ಸೋತಿದ್ದೀರಿ. ಆ ಒಬ್ಬರು ನ್ಯಾಯಾಧೀಶ ಫಿಟ್ಸ್‌ಮಾರಿಸ್. ತಾನು ಬೆಳೆದ ಶಾಲೆಗಳಲ್ಲಿ ಏಟು ಮಾಮೂಲಾಗಿತ್ತು, ಯಾರೂ ಅವಮಾನ ಎಂದುಕೊಳ್ಳಲಿಲ್ಲ ಎಂದು ಅವರ ವಾದ. ಅದನ್ನು ಓದಿ, ಆಮೇಲೆ 31ನೇ ಪ್ಯಾರಾಕ್ಕೆ ಬನ್ನಿ. ಜನ ಒಪ್ಪಿದ್ದಾರೆ ಅನ್ನುವ ನಿಮ್ಮ ವಾದಕ್ಕೆ ಬಹುಮತದವರ ಉತ್ತರ ಅಲ್ಲಿದೆ: ಈ ಶಿಕ್ಷೆಯಿಂದ ಅಪರಾಧ ತಡೆಯಬಹುದು ಎಂದು ಜನ ನಂಬಲು ಅದರಲ್ಲಿರುವ ಅವಮಾನವೇ ಒಂದು ಕಾರಣ ಇರಬಹುದು.