ಅತ್ತೆಯ ಸೀರೆಯ ಬಣ್ಣ

ಚಿಕ್ಕಪ್ಪ, ಸೋಮವಾರಪೇಟೆ: (ಫಾರ್ವರ್ಡ್) "ಹಳೆಯ ಬಣ್ಣದ ನೆಗೆಟಿವ್‌ಗಳನ್ನು ಸ್ಟುಡಿಯೋಗೆ ಕೊಟ್ಟು ಹಣ ಕಳೆಯಬೇಡಿ. ಬಿಳಿ ಪರದೆಯ ಮೇಲಿಟ್ಟು ಫೋನಿನಲ್ಲಿ ಫೋಟೊ ತೆಗೆದು ಬಣ್ಣಗಳನ್ನು ತಿರುಗುಮುರುಗು ಮಾಡಿದರೆ ಅಸಲಿ ಬಣ್ಣ ಬರುತ್ತದೆ. ಹತ್ತು ಜನರಿಗೆ ತಿಳಿಸಿ." ಹೀಗೆ ತೆಗೆದ 1996ರ ನಮ್ಮ ಮದುವೆಯ ಚಿತ್ರವನ್ನು ಹಾಕಿದ್ದೇನೆ.

ದೊಡ್ಡಮ್ಮ: ಮಂಟಪದ ಬಲಕ್ಕೆ ನಿಂತಿರುವ ನನ್ನ ನಾದಿನಿ ಉಟ್ಟಿರುವುದು ನನ್ನ ತಿಳಿನೀಲಿ ಮೈಸೂರು ಸಿಲ್ಕ್. ಒಂದು ದಿನಕ್ಕೆಂದು ಪಡೆದವಳು ಹಿಂದಿರುಗಿಸಲಿಲ್ಲವೆಂದು ಇಷ್ಟು ವರ್ಷ ಹೇಳಿದರೂ ಯಾರೂ ನಂಬಿರಲಿಲ್ಲ. ಈಗ ದೇವರೇ ಸಾಕ್ಷಿ ಒದಗಿಸಿದ್ದಾನೆ.

ಅತ್ತೆ: ಅತ್ತಿಗೆ, ಆ ಸೀರೆಯನ್ನು ಮರುವಾರವೇ ನಿಮ್ಮ ಕೈಗೆ ಕೊಟ್ಟಿದ್ದೇನೆ. ಮದುವೆಯ ದಿನ ನಾನು ಉಟ್ಟದ್ದು ಅಪ್ಪ ಕೊಡಿಸಿದ ಕೆನೆಬಣ್ಣದ ಸೀರೆ.

ಮೈಸೂರಿನ ಭಾವ, ಅತ್ತೆಯ ಮಗ: ಈ ಸಂದೇಶವನ್ನು ಬರೆದವರು ಯಾರು ಮಾವ? ಅವರು ಒಂದು ರೋಲನ್ನಾದರೂ ಸ್ಕ್ಯಾನ್ ಮಾಡಿದ್ದಾರೆಯೇ? ನಿಮ್ಮ ಪಂಚೆಯೂ ಮಂಟಪದ ಮಲ್ಲಿಗೆಯೂ ಅಮ್ಮನ ಸೀರೆಯಷ್ಟೇ ನೀಲಿಯಾಗಿವೆ.

ದೊಡ್ಡಪ್ಪ: ಹಿರಿಯರ ಪಂಚೆಯ ವಿಷಯದಲ್ಲಿ ಹಗುರವಾಗಿ ಬರೆಯಬೇಡ. ಒಂದು ರೋಲಿಗೆ 36 ಚಿತ್ರಗಳಷ್ಟೇ ಇದ್ದ ಕಾಲದಲ್ಲಿ ಜನ ನೋಡಿ ಕ್ಲಿಕ್ಕಿಸುತ್ತಿದ್ದರು, ಯೋಚಿಸಿ ಮಾತನಾಡುತ್ತಿದ್ದರು.

ಕುಶಾಲನಗರದ ತಂಗಿ: ಅಜ್ಜಿ ಆ ನೆಗೆಟಿವ್‌ಗಳನ್ನು ಮಳೆಗಾಲದ ಥಂಡಿ ತಾಗದಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ, ಏಲಕ್ಕಿ ಡಬ್ಬಿಯ ಪಕ್ಕ ಇಡುತ್ತಿದ್ದರು. ಲಕೋಟೆ ತೆರೆದರೆ ಪಾಯಸದ ನೆನಪಾಗುತ್ತಿತ್ತು.

ಮೈಸೂರಿನ ಭಾವ: ಥಂಡಿಗೆ ಬೂಷ್ಟು ಹಿಡಿಯುತ್ತದೆ, ಬಿಸಿಗೆ ಬಣ್ಣ ಮಾಸುತ್ತದೆ, ಅಜ್ಜಿ ಒಂದನ್ನು ತಪ್ಪಿಸಿ ಇನ್ನೊಂದನ್ನು ಕರೆದರು. ಆದರೆ ಇಲ್ಲಿನ ನೀಲಿಗೆ ಕಾರಣ ಬೇರೆ. ಬಣ್ಣದ ನೆಗೆಟಿವ್‌ನ ಮಜೆಂಟಾ (ನೇರಳೆಗೆಂಪು) ಮತ್ತು ಸಯಾನ್ (ಹಸಿರುನೀಲಿ) ಬಣ್ಣದ್ರವ್ಯಗಳು ಹೀರಬಾರದ ಬೆಳಕನ್ನೂ ಸ್ವಲ್ಪ ಹೀರುವುದರಿಂದ, ಆ ದೋಷವನ್ನು ಸರಿದೂಗಿಸಲು ತಯಾರಕರು ಫಿಲ್ಮಿಗೆ ಬೇಕೆಂದೇ ಕಿತ್ತಳೆ ಛಾಯೆ ಕೊಟ್ಟಿರುತ್ತಾರೆ. ಅದನ್ನು ಕಳೆಯದೆ ತಿರುಗಿಸಿದರೆ ಎಲ್ಲದರ ಮೇಲೂ ನೀಲಿ ಕೂರುತ್ತದೆ. ಸ್ಕ್ಯಾನರ್‌ನ ಸ್ವಯಂ ತಿದ್ದುಪಡಿಗಳನ್ನು ನಿಲ್ಲಿಸಿ, ಎರಡು ಚಿತ್ರಗಳ ನಡುವಿನ ಖಾಲಿ ಪಟ್ಟಿಯೂ ಸೇರುವಂತೆ 16 ಬಿಟ್‌ನಲ್ಲಿ, ಅಂದರೆ ಬಣ್ಣದ ಸೂಕ್ಷ್ಮ ಛಾಯೆಗಳೂ ಉಳಿಯುವಂತೆ, ಸ್ಕ್ಯಾನ್ ಮಾಡಿ, ಆ ಪಟ್ಟಿಗೆ ಯಾವ ಬಣ್ಣವೂ ಇಲ್ಲವೆಂದು ಗುರುತು ಕೊಟ್ಟು, ಅನಂತರವೇ ತಿರುಗಿಸಬೇಕು. ಕೊನೆಯಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆಯಾಗಿ ಸರಿಪಡಿಸಬೇಕು. ಫೋನಿನಲ್ಲೇ ತೆಗೆಯುವುದಾದರೆ ವೈಟ್ ಬ್ಯಾಲೆನ್ಸ್, ಅಂದರೆ ಯಾವುದು ಬಿಳಿ ಎಂದು ಫೋನ್ ಲೆಕ್ಕ ಹಾಕುವುದನ್ನು, ಲಾಕ್ ಮಾಡಿ. ಇಲ್ಲದಿದ್ದರೆ ಅದು ಚಿತ್ರಕ್ಕೊಂದು ಬಣ್ಣ ತೋರಿಸುತ್ತದೆ.

ದೊಡ್ಡಪ್ಪ: ಇಷ್ಟುದ್ದ ಬರೆದರೆ ಓದುವವರು ಯಾರು?

ನಾನು: ಚಿಕ್ಕಪ್ಪನ ಮನೆಯಲ್ಲೇ ಕುಳಿತು, ಭಾವ ಹೇಳಿದಂತೆ ಅದೇ ನೆಗೆಟಿವ್ ಅನ್ನು ಸ್ಕ್ಯಾನ್ ಮಾಡಿದೆ. ಪಂಚೆ ಬೆಳ್ಳಗೆ ಬಂದಿದೆ, ಮಲ್ಲಿಗೆ ಬೆಳ್ಳಗೆ ಬಂದಿದೆ, ಅತ್ತೆಯ ಸೀರೆ ಕೆನೆಬಣ್ಣದ್ದು.

ದೊಡ್ಡಮ್ಮ: ಮೂರು ಬಣ್ಣಗಳನ್ನೂ ಬೇರೆ ಬೇರೆಯಾಗಿ ಬದಲಾಯಿಸಬಹುದೆಂದು ಹೇಳಿಕೊಟ್ಟವನು ಅವಳ ಮಗ. ನನಗೆ ಮೈದುನ ತೆಗೆದ ಚಿತ್ರವೇ ಸಾಕು.

ಚಿಕ್ಕಪ್ಪ: ಅತ್ತಿಗೆ, ಹಾಗಿದ್ದರೆ ನಾನು ನೀಲಿ ಪಂಚೆ ಉಟ್ಟು ಧಾರೆಗೆ ಕುಳಿತಿದ್ದೆನೆಂದೂ ನೀವು ಒಪ್ಪಬೇಕಾಗುತ್ತದೆ.

ದೊಡ್ಡಮ್ಮ: ಆ ದಿನ ನಾನು ಪಂಚೆಯನ್ನು ಗಮನಿಸಲಿಲ್ಲ.