ಮಾಸ್ಕ್ ತೆಗೆದ್ರೆ ಬೆಳಕು ಬರುತ್ತೆ ಅಂತ ಭಾವ, ಬೇಡ ಅಂತ ನಾನು

(ಮನೆಯವರ ಚಾಟ್ ಇದು. ಹಳೇ ವಿಡಿಯೋ ಗೇಮ್ ಹೊಸ ಟಿವಿಲಿ ಹಳೇ ಡಬ್ಬಾ ಟಿವಿ, ಅಂದ್ರೆ ಸಿಆರ್‌ಟಿ, ಥರ ಕಾಣಕ್ಕೆ ಹಾಕೋ ಫಿಲ್ಟರ್‌ಗೆ ಶೇಡರ್ ಅಂತಾರೆ, ಅದರ ಸೆಟ್ಟಿಂಗ್ ಫೈಲೇ ಪ್ರೀಸೆಟ್. ಆ ಟಿವಿಯ ಬಣ್ಣದ ಗೆರೆಗಳ ನಕಲೇ ಮಾಸ್ಕ್.)

ಭಾವ: ಫೋಲ್ಡರ್‌ನಲ್ಲಿದ್ದ ಸಿಆರ್‌ಟಿ ಪ್ರೀಸೆಟ್ ಸರಿ ಮಾಡಿದ್ದೀನಿ, ಎಲ್ಲರೂ ಹೊಸದನ್ನ ಇಳಿಸ್ಕೊಳ್ಳಿ. ಮಾಸ್ಕ್ ಸ್ಟ್ರೆಂತ್ ಸೊನ್ನೆ, ಬ್ರೈಟ್ ಬೂಸ್ಟ್ (ಬೆಳಕು ಹೆಚ್ಚಿಸೋದು) 2. ಈಗ ಸೋನಿಕ್ ಆಡಕ್ಕಾಗತ್ತೆ, ಮೊದಲು ಬರೀ ಕತ್ತಲೆ

ನಾನು: ಅಯ್ಯೋ ಭಾವ, ಹಳೇ ಫೈಲ್ ಮೇಲೇ ಸೇವ್ ಮಾಡಿಬಿಟ್ರಾ? ಒಂದು ಮಾತು ಕೇಳ್ಬಾರ್ದಿತ್ತಾ, ಎಷ್ಟು ರಾತ್ರಿ ಕೂತು ಹೊಂದಿಸಿದ್ದು ಅದು

ಅಕ್ಕ: ಇವರು ಮಾಡಿದ್ದೇ ಸರಿ ಕಣೋ. ನೀನು ಹಾಕಿದ್ದ ಸ್ಕ್ರೀನ್‌ಶಾಟ್ ನೋಡು, ಮಂಕು ಮಂಕು, ಮೇಲೆ ಏನೋ ಅಲೆ ಅಲೆ ಬೇರೆ

ನಾನು: ಅಕ್ಕ ಅದು ಮಾಸ್ಕ್ ತಪ್ಪಲ್ಲ, ವಾಟ್ಸಾಪ್ ಫೋಟೋನ ಚಿಕ್ಕದು ಮಾಡಿ ಕಳಿಸತ್ತೆ. ಮಾಸ್ಕ್ ಅಂದ್ರೆ ಒಂದೊಂದು ಪಿಕ್ಸೆಲ್ ಅಗಲದ ಕೆಂಪು, ಹಸಿರು, ನೀಲಿ ಗೆರೆ, ಜೆಪೆಗ್ ಮಾಡುವಾಗ ಬಣ್ಣದ ವಿವರ ಅರ್ಧಕ್ಕಿಳಿಯತ್ತೆ, ಅಲ್ಲಿಗೆ ಗೆರೆಗಳೆಲ್ಲ ಕಲೆಸಿಹೋಯ್ತು, ಮೇಲಿಂದ ಸೈಜ್ ಬದಲಾದಾಗ ಆ ಅಲೆ ಏಳತ್ತೆ. ಡಾಕ್ಯುಮೆಂಟ್ ಆಗಿ ಕಳಿಸ್ತೀನಿ, ಟಿವಿಲಿ ಜೂಮ್ ಮಾಡ್ದೆ ಪಿಕ್ಸೆಲ್‌ಗೆ ಪಿಕ್ಸೆಲ್ ನೋಡು, ಫೋನಲ್ಲಿ ನೋಡಿ ತೀರ್ಮಾನ ಮಾಡ್ಬೇಡ

ಭಾವ: ನಾನು ಟಿವಿಲೇ ನೋಡಿದ್ದು. ಅಲ್ಲೂ ಕತ್ತಲೇನೆ

ನಾನು: ಅದು ನಿಜ ಭಾವ, ಒಪ್ತೀನಿ. ಲೆಕ್ಕ ನೋಡಿ, ಪೂರ್ತಿ ಸ್ಟ್ರೆಂತ್ ಇಟ್ರೆ ಪ್ರತಿ ಪಿಕ್ಸೆಲ್‌ನಲ್ಲಿ ಮೂರು ಬಣ್ಣದಲ್ಲಿ ಒಂದೇ ಉಳಿಯೋದು, ಅಂದ್ರೆ ಮೂರರಲ್ಲಿ ಒಂದು ಪಾಲು ಬೆಳಕು. ಸ್ಟ್ರೆಂತ್ ಅರ್ಧ ಮಾಡಿದ್ರೆ ಮೂರರಲ್ಲಿ ಎರಡು ಪಾಲು. ಮೆಜೆಂಟಾ ಹಸಿರು ಮಾಸ್ಕ್ ಆದ್ರೆ ಪೂರ್ತಿ ಇಟ್ರೂ ಅರ್ಧ ಉಳಿಯತ್ತೆ. ಇದರ ಮೇಲೆ ಸ್ಕ್ಯಾನ್‌ಲೈನ್ (ಸಾಲುಗಳ ಮಧ್ಯದ ಕಪ್ಪು ಗೆರೆ) ತಿನ್ನೋದು ಬೇರೆ. ಆದ್ರೆ ಆ ಬೆಳಕನ್ನ ಶೇಡರ್ ಒಳಗಿಂದ ತರಕ್ಕೆ ಹೋಗ್ಬಾರ್ದು. ಬೂಸ್ಟ್ 2 ಅಂದ್ರೆ ಬೆಳಕು ಎರಡು ಪಟ್ಟು, ಆದ್ರೆ 1 ದಾಟಕ್ಕಾಗಲ್ಲ, ಹಂಗಾಗಿ 0.6 ಇದ್ದಿದ್ದೂ 1, 0.9 ಇದ್ದಿದ್ದೂ 1. ಮೋಡದಲ್ಲಿ ಇರೋ ಎರಡು ಮೂರು ಛಾಯೆ ಒಂದೇ ಬಿಳಿ ತೇಪೆ ಆಗಿದೆ ನೋಡಿ ನಿಮ್ಮ ಫೈಲಲ್ಲಿ, ಕಲಾವಿದರು ಕೈಯಲ್ಲಿ ಒಂದೊಂದೇ ಚುಕ್ಕಿ ಇಟ್ಟು ಮಾಡಿದ್ದು ಅದು, ನನಗೆ ಹೊಟ್ಟೆ ಉರಿಯತ್ತೆ

ಚಿಕ್ಕಪ್ಪ: ನಮ್ಮ ಹಳೇ ಟ್ರಿನಿಟ್ರಾನ್ ಟಿವಿಲಿ ಇಷ್ಟು ಗೆರೆ ಎದ್ದು ಕಾಣ್ತಿರ್ಲಿಲ್ಲಪ್ಪ. ಸೋನಿಕ್ ಆಟದಲ್ಲಿ ಜಲಪಾತದ ಹಿಂದಿರೋದು ಕಾಣ್ತಿತ್ತು, ನಿನ್ನದ್ರಲ್ಲಿ ಬಾಚಣಿಗೆ ಹಲ್ಲು ಇದ್ದಂಗಿದೆ

ನಾನು: ಚಿಕ್ಕಪ್ಪ ನಿಮ್ಮ ನೆನಪು ಸರಿಯಾಗಿದೆ, ಆದ್ರೆ ಅದಕ್ಕೂ ಮಾಸ್ಕ್‌ಗೂ ಸಂಬಂಧ ಇಲ್ಲ. 1991ರ ಸೋನಿಕ್‌ನಲ್ಲಿ ಜಲಪಾತನ ಒಂದು ಬಿಟ್ಟು ಒಂದು ಉದ್ದ ಗೆರೆಯಾಗಿ ಬಿಡಿಸಿದ್ದಾರೆ, ಕಾಂಪೊಸಿಟ್ ಕೇಬಲ್ (ಹಳದಿ ಪಿನ್ನಿನ ಹಳೇ ವಿಡಿಯೋ ಕೇಬಲ್) ಅದನ್ನ ಮಸುಕು ಮಾಡಿ ಗಾಜಿನ ಥರ ತೋರಿಸ್ತಿತ್ತು. ಅದು ಬೇಕಂದ್ರೆ ಸಿಆರ್‌ಟಿ ಶೇಡರ್‌ಗೆ ಮುಂಚೆ ಎನ್‌ಟಿಎಸ್‌ಸಿ ಪಾಸ್ (ಆ ಕೇಬಲ್ ಮಸುಕನ್ನ ನಕಲು ಮಾಡೋ ಹಂತ) ಸೇರಿಸ್ಬೇಕು, ಸೇರಿಸ್ತೀನಿ. ನಿಮ್ಮ ಟ್ರಿನಿಟ್ರಾನ್‌ದು ಅಪರ್ಚರ್ ಗ್ರಿಲ್ ಅನ್ನೋ ಥರದ ಮಾಸ್ಕ್, ಮೇಲಿಂದ ಕೆಳಗೆ ನೇರ ತಂತಿ, ಆ ತಂತಿ ಅಲುಗಾಡದಂಗೆ ಹಿಡಿಯೋ ಸಣ್ಣ ಅಡ್ಡತಂತಿ ನೆರಳು ಬಿಳಿ ಪರದೆ ಮೇಲೆ ಕಾಣ್ತಿತ್ತಲ್ಲ?

ಚಿಕ್ಕಪ್ಪ: ಹೌದೌದು! ಟಿವಿ ಸೀಳಿದೆ ಅಂದ್ಕೊಂಡಿದ್ವಿ

ನಾನು: ಮತ್ತೆ ಚಿಕ್ಕಪ್ಪ ನಿಮ್ಮದು 1080 ಸಾಲಿನ ಪರದೆ, ಆಟದ್ದು 224 ಸಾಲು. ಪೂರ್ತಿ ಎಳೆದ್ರೆ 4.8 ಪಟ್ಟು, ಒಂದು ಸಾಲು ದಪ್ಪ ಒಂದು ಸಣ್ಣ ಬರತ್ತೆ. ಇಂಟಿಜರ್ ಸ್ಕೇಲ್ (ಪೂರ್ಣಾಂಕದ ಪಟ್ಟಿಗಷ್ಟೇ ಎಳೆಯೋದು) ಆನ್ ಮಾಡಿ, 4 ಪಟ್ಟು, 896, ಮೇಲೆ ಕೆಳಗೆ ಸ್ವಲ್ಪ ಕಪ್ಪು ಉಳಿಯತ್ತೆ, ಉಳೀಲಿ

ಭಾವ: ಎಲ್ಲ ಸರಿ, ಬೆಳಕು ಎಲ್ಲಿಂದ ತರಲಿ ಅದನ್ನ ಹೇಳು

ನಾನು: ಟಿವಿ ಬ್ಯಾಕ್‌ಲೈಟ್‌ನಿಂದ, ಪರದೆ ಹಿಂದಿನ ದೀಪದಿಂದ. ನಿಜವಾದ ಸಿಆರ್‌ಟಿಲೂ ಮಾಸ್ಕ್ ಎಲೆಕ್ಟ್ರಾನ್ ಬೀಮಿನ ಬಹುಪಾಲು ನುಂಗ್ತಿತ್ತು, ಬೀಮೇ ಅಷ್ಟು ಜೋರಾಗಿತ್ತು ಅಷ್ಟೇ. ಬ್ಯಾಕ್‌ಲೈಟ್ ಎಷ್ಟಿದೆ ನೋಡಿ ಭಾವ, ಮತ್ತೆ ಟಿವಿ ಮೆನುಲಿ ಆ ಎಚ್‌ಡಿಎಂಐ ಇನ್‌ಪುಟ್‌ಗೆ ಪಿಸಿ ಅಂತ ಹೆಸರು ಕೊಡಿ, ಇಲ್ಲಾಂದ್ರೆ ತುಂಬಾ ಟಿವಿಗಳು ಬಣ್ಣನ 4:4:4 ಆಗಿ, ಅಂದ್ರೆ ವಿವರ ಕಳೀದೆ ಪೂರ್ತಿ, ತೋರಿಸಲ್ಲ, ಮಾಸ್ಕ್ ಗೆರೆ ಅಲ್ಲೇ ಕರಗತ್ತೆ. ಶಾರ್ಪ್‌ನೆಸ್ ಪೂರ್ತಿ ತೆಗೀರಿ, ಡೈನಾಮಿಕ್ ಕಾಂಟ್ರಾಸ್ಟ್ ಕೂಡ

ಅಕ್ಕ: ನಮ್ಮ ರೂಮಿಂದು ಓಎಲ್‌ಇಡಿ, ಅದಕ್ಕೆ ಬ್ಯಾಕ್‌ಲೈಟೇ ಇಲ್ಲ

ನಾನು: ಅದರಲ್ಲಿ ಎಚ್‌ಡಿಆರ್ (ಬೆಳಕು ಇನ್ನೂ ಜೋರಾಗಿ ತೋರಿಸೋ ಮೋಡ್) ಆನ್ ಮಾಡಿ ಸೋನಿ ಮೆಗಾಟ್ರಾನ್ ಶೇಡರ್ ಹಾಕಕ್ಕ, ಅದು ಇದಕ್ಕಂತಲೇ ಮಾಡಿದ್ದು, ಪೀಕ್ ನಿಟ್ಸ್ (ಗರಿಷ್ಠ ಬೆಳಕಿನ ಅಳತೆ) ನಿನ್ನ ಟಿವಿದು ಎಷ್ಟೋ ಅಷ್ಟೇ ಕೊಡು. ಸಬ್‌ಪಿಕ್ಸೆಲ್ (ಪಿಕ್ಸೆಲ್ ಒಳಗಿನ ಬಣ್ಣದ ತುಣುಕು) ಜೋಡಣೆ ಬೇರೆ ಇರತ್ತೆ, ಅದನ್ನೂ ಮೆನುಲಿ ಆರಿಸು, ತಪ್ಪಾದ್ರೆ ಬಿಳಿ ಅಂಚಲ್ಲಿ ಬಣ್ಣ ಒಡೆಯತ್ತೆ

ಭಾವ: ಬ್ಯಾಕ್‌ಲೈಟ್ 40ರಲ್ಲಿತ್ತು. 100 ಮಾಡಿ ಹಳೇದನ್ನ ಫೋನ್ ಬ್ಯಾಕಪ್‌ನಿಂದ ತೆಗೆದು ಹಾಕ್ದೆ. ಪರವಾಗಿಲ್ಲ, ಮೋಡನೂ ಬಂತು. ಆದ್ರೆ ಹಗಲಲ್ಲಿ ಕಿಟಕಿ ತೆಗೆದಿದ್ರೆ ಇನ್ನೂ ಸಾಲಲ್ಲ ಕಣೋ, ಅದನ್ನ ನಾನು ಒಪ್ಪಲ್ಲ

ನಾನು: ಹಗಲಿಗೆ ಸ್ಟ್ರೆಂತ್ 0.4, ಬೂಸ್ಟ್ 1.2 ಹಾಕಿ ಬೇರೆ ಫೈಲ್ ಮಾಡಿಕೊಡ್ತೀನಿ ಭಾವ. ಹಳೇದ್ರ ಮೇಲೆ ಮಾತ್ರ ಸೇವ್ ಮಾಡ್ಬೇಡಿ

ಚಿಕ್ಕಪ್ಪ: ಜಲಪಾತದ್ದೂ ಹಾಕಪ್ಪ ಮರೀಬೇಡ